ನೀರು ಹಿಡಿದವರ ಹೆಸರು

ಕಳೆದ ತಿಂಗಳ ಕೊನೆಯ ದಿನ ನಗರಸಭೆಯವರು ನನ್ನ ಅತ್ತಿಗೆಯ ಕೈಗೆ ಒಂದು ಹಾಳೆ ಕೊಟ್ಟು ಕಳಿಸಿದರು. 'ನೀರು ಸರಬರಾಜು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ತೃಪ್ತಿಕರವಾಗಿ ಸೇವೆ ಸಲ್ಲಿಸಿ ನಿವೃತ್ತಿ ಹೊಂದಿರುತ್ತಾರೆ.' ಇಷ್ಟೇ. ಕೆಳಗೊಂದು ಸಹಿ, ಪಕ್ಕದಲ್ಲಿ ವಾರೆಯಾಗಿ ಬಿದ್ದ ಮುದ್ರೆ. ಅತ್ತಿಗೆ ಅದನ್ನು ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ಓದಿದಳು.

"ಯಾರಿಗೆ ತೃಪ್ತಿಯಾಯ್ತಂತೆ?" ಎಂದು ಕೇಳಿ, ಹಾಳೆಯನ್ನು ನಾಲ್ಕಾಗಿ ಮಡಚಿ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿಬಿಟ್ಟಳು.

ಅವಳಿಗೆ ನಗು ಬಂತು, ನನಗೆ ಮೈಯೆಲ್ಲ ಉರಿಯಿತು. ಅವರು ಒಂದು ಸಾಲಿನಲ್ಲಿ ಕೈ ತೊಳೆದುಕೊಂಡಿದ್ದನ್ನು ನಾನು ನನಗೆ ತೃಪ್ತಿಯಾಗುವಷ್ಟು ಬರೆಯುತ್ತೇನೆ. ಓದಿ ಯಾರ ಹೊಟ್ಟೆಯಾದರೂ ಉರಿದರೆ ಉರಿಯಲಿ, ನನ್ನ ಗಂಟೇನೂ ಹೋಗುವುದಿಲ್ಲ.

ನಾನು ಅದೇ ನಗರಸಭೆಯ ತೆರಿಗೆ ವಿಭಾಗದಲ್ಲಿ ಗುಮಾಸ್ತೆ. ಮೂರನೇ ಕಿಟಕಿ ನನ್ನದು. ಮನೆ ತೆರಿಗೆ ಕಟ್ಟಿಸಿಕೊಂಡು ರಸೀದಿ ಹರಿದುಕೊಡುವುದು ನನ್ನ ಕೆಲಸ. ರಸೀದಿಯ ನಾಲ್ಕನೇ ಸಾಲಿನಲ್ಲಿ 'ವಸತಿ ಕರ' ಎಂದಿರುತ್ತದೆ. ತೆರಿಗೆ ನೂರಾದರೆ ಅದರ ಮೇಲೆ ಎರಡು. ಊರಿನಲ್ಲಿ ಸೂರಿಲ್ಲದವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಿಸಲು ಹತ್ತು ವರ್ಷದ ಹಿಂದೆ ಹಾಕಿದ ಕರ ಅದು. ಹಾಕಿದವರು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡರು, ಬೈಗುಳ ತಿಂದಿದ್ದು ಮೂರನೇ ಕಿಟಕಿ. "ಬೀದೀಲಿ ಮಲಗೋರಿಗೆ ನಾನ್ಯಾಕಮ್ಮ ಮನೆ ಕಟ್ಟಿಸಬೇಕು? ಅವರೇನು ನನ್ನ ಅಳಿಯಂದಿರಾ?" ಎಂದು ಕಬ್ಬಿಣದಂಗಡಿ ಯಜಮಾನರು ವರ್ಷಕ್ಕೆ ಎರಡು ಸಲ ಕೇಳುತ್ತಿದ್ದರು. ಅವರು ಬೈಯುವುದನ್ನೂ ತಪ್ಪಿಸಿದವರಲ್ಲ, ಕಟ್ಟುವುದನ್ನೂ ತಪ್ಪಿಸಿದವರಲ್ಲ. ನಾನು ಮಾತ್ರ "ನನ್ನನ್ನ ಕೇಳಿದ್ರೆ ಹೇಗೆ ಸಾರ್, ನಾನು ಹರಿದುಕೊಡೋಳು ಅಷ್ಟೆ" ಎಂದು ಹಲ್ಲು ಕಿರಿದು ಕೂರುತ್ತಿದ್ದೆ. ಈಗ ನೆನೆಸಿಕೊಂಡರೆ ಆ ಹಲ್ಲುಕಿರಿತಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅತ್ತಿಗೆ ನಮ್ಮ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು, ನನಗೆ ಹದಿನಾರು. ನಾದಿನಿ ಅತ್ತಿಗೆ ಹಾವು ಮುಂಗುಸಿಯಂತೆ ಕಚ್ಚಾಡುವುದನ್ನು ನೋಡಲು ಅಕ್ಕಪಕ್ಕದವರು ಕಾದು ಕೂತಿದ್ದರು. ನಾವೂ ಅವರಿಗೆ ನಿರಾಸೆ ಮಾಡಲಿಲ್ಲ. ಮೊದಲ ಜಗಳವೇ ನಲ್ಲಿಯದು. ಮನೆಯೊಳಗೆ ಕಾಲಿಟ್ಟವಳು ಯಾರನ್ನೂ ಮಾತಾಡಿಸದೆ ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಂತು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. "ಯಾಕೆ, ನಮ್ಮನೇಲಿ ನೀರು ಬರಲ್ಲ ಅಂದ್ಕೊಂಡಿದ್ಯಾ?" ಎಂದು ನಾನು ಕಾಲು ಕೆರೆದು ನಿಂತೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

ಕಾರಣ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಅವಳಪ್ಪ ಒಂದು ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಸಂಸಾರವೂ ಅದರ ಹಿಂದಿನ ಕೋಣೆಯಲ್ಲೇ ಇತ್ತು. ಕೆಲಸ ಹೋದ ದಿನವೇ ಕೋಣೆಯೂ ಹೋಯಿತು. ಹತ್ತು ವರ್ಷದ ಇವಳು ಅಪ್ಪ ಅಮ್ಮನ ಜೊತೆ ಏಳು ತಿಂಗಳು ಒಂದು ಶಾಲೆಯ ಜಗಲಿಯಲ್ಲಿ ಮಲಗಿದ್ದಳು. ಮಕ್ಕಳು ಬರುವ ಮೊದಲು ಹಾಸಿಗೆ ಸುತ್ತಿಟ್ಟು ಜಾಗ ಖಾಲಿ ಮಾಡಬೇಕು, ಆಮೇಲೆ ಅದೇ ಶಾಲೆಗೆ ಚೀಲ ಹಿಡಿದು ಬರಬೇಕು. "ಹಸಿವನ್ನಾದ್ರೂ ಹೇಗೋ ತಡ್ಕೋಬಹುದು ಕಣೆ. ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಕಂಡವರ ಮನೆ ಬಾಗಿಲು ತಟ್ಟೋದಿದೆಯಲ್ಲ, ಅದು ಯಾರಿಗೂ ಬೇಡ," ಎಂದಿದ್ದಳು. ಆ ವಿಷಯ ಅವಳ ಬಾಯಿಂದ ಬಂದಿದ್ದು ಆ ಒಂದು ಸಲ ಮಾತ್ರ.

ನನ್ನಣ್ಣ ನಗರಸಭೆಯ ವಾಲ್ವ್‌ಮ್ಯಾನ್ ಆಗಿದ್ದ. ರಸ್ತೆಯ ಅಡಿಯ ಗುಂಡಿಯೊಳಗೆ ಎದೆಮಟ್ಟದ ಕಬ್ಬಿಣದ ಕೀಲಿ ಇಳಿಸಿ, ವಾಲ್ವ್ ತಿರುಗಿಸಿ, ಬೀದಿಬೀದಿಗೆ ನೀರು ಬಿಡುವ ಕೆಲಸ. ನಾಲ್ಕು ದಿನದ ಜ್ವರಕ್ಕೆ ಅವನು ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಕೆಲಸವನ್ನು ಹೆಂಡತಿಗೆ ಕೊಟ್ಟರು. ಆಫೀಸಿನಲ್ಲಿ ಫೈಲು ಎತ್ತಿಡುವ ಕೆಲಸ ಮಾಡಿಕೊಂಡಿರಿ ಎಂದು ಎಂಜಿನಿಯರ್ ಸಾಹೇಬರು ದೊಡ್ಡ ಮನಸ್ಸು ಮಾಡಿ ಹೇಳಿದರು. ಇವಳು ಗಂಡನ ಕೀಲಿ ಎಲ್ಲಿದೆ ಎಂದು ಕೇಳಿದಳು.

"ಅದು ಗಂಡಸರ ಕೆಲಸಮ್ಮ. ಕೈಲಾಗುತ್ತಾ ನಿಮಗೆ?"

"ಕೈಲಾಗದಿದ್ರೆ ಕಾಲಲ್ಲಿ ತಿರುಗಿಸ್ತೀನಿ. ನಿಮಗೆ ನೀರು ಬಂದ್ರೆ ಸಾಕಲ್ವಾ ಸಾರ್?"

ಅಲ್ಲಿಂದ ಅವಳ ಹೆಸರು ವಾಲ್ವಮ್ಮ ಎಂದಾಯಿತು. ಗೇಲಿ ಮಾಡಲು ಇಟ್ಟ ಹೆಸರು. ಎರಡು ವರ್ಷ ಕಳೆಯುವಷ್ಟರಲ್ಲಿ ಇಡೀ ಊರು ಅದನ್ನೇ ಮರ್ಯಾದೆಯಿಂದ ಕರೆಯತೊಡಗಿತು.

ನೀರಿನ ವಿಭಾಗದಲ್ಲಿ ಒಂದು ಹಳೇ ಪದ್ಧತಿ ಇದೆ. ನೀರು ಬಿಟ್ಟಾಗಲೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು. ತಾರೀಖು, ಹೊತ್ತು, ನಲ್ಲಿಯ ನಂಬರು, ಕೊನೆಯ ಕಾಲಂನಲ್ಲಿ 'ನೀರು ಹಿಡಿದವರ ಹೆಸರು ಮತ್ತು ಸಹಿ'. ನೀರೇ ಬರಲಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ತೋರಿಸಲು ಅಂತ ಯಾವ ಕಾಲದಲ್ಲೋ ಮಾಡಿದ್ದು. ಉಳಿದ ವಾಲ್ವ್‌ಮ್ಯಾನ್‌ಗಳು ತಿಂಗಳ ಕೊನೆಗೆ ಚಹಾದಂಗಡಿಯಲ್ಲಿ ಕೂತು ಬಾಯಿಗೆ ಬಂದ ಹೆಸರು ತುಂಬಿಸುತ್ತಿದ್ದರು. ಒಬ್ಬನಂತೂ ಸತ್ತುಹೋದ ತನ್ನ ಮಾವನ ಕೈಲಿ ಮೂರು ವರ್ಷ ನೀರು ಹಿಡಿಸಿದ್ದ. ಅತ್ತಿಗೆ ಹಾಗಲ್ಲ. ಕೊಡ ಹಿಡಿದು ನಿಂತವರ ಹತ್ತಿರ ಹೋಗಿ ಹೆಸರು ಕೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿಸಿಕೊಂಡೇ ಮುಂದಿನ ಬೀದಿಗೆ ಹೋಗುತ್ತಿದ್ದಳು. ತಿಂಗಳ ಕೊನೆಗೆ ಎಂಜಿನಿಯರ್ ಸಾಹೇಬರು ಪ್ರತಿ ಪುಸ್ತಕದ ಅಡಿಯಲ್ಲಿ 'ಪರಿಶೀಲಿಸಿದೆ' ಎಂದು ಸಹಿ ಹಾಕುತ್ತಿದ್ದರು. ಅವರು ಪುಸ್ತಕ ತೆರೆದು ನೋಡಿದ್ದನ್ನು ಕಂಡವರಿಲ್ಲ.

ವಸತಿ ಕರದ ದುಡ್ಡಿನಿಂದ ಮೊದಲ ಮನೆಗಳು ಏಳು ವರ್ಷಕ್ಕೆ ಎದ್ದು ನಿಂತವು. ಹಳೇ ಗೋದಾಮುಗಳ ಹಿಂದೆ ಮೂರು ಮಹಡಿಯ ಕಟ್ಟಡ, ಮೂವತ್ತು ಮನೆ. ಮನೆಗೆ ಒಂದು ಕೋಣೆ, ಒಂದು ಅಡುಗೆಕಟ್ಟೆ, ಒಂದು ಬಚ್ಚಲು. ಬಣ್ಣ ಬಳಿದು, ಬಾಗಿಲಿಗೆ ನಂಬರು ಬರೆದು, ಬೀಗ ಜಡಿದು ಅರ್ಜಿ ಕರೆದರು. ಅರ್ಜಿಯ ಮೊದಲ ಸಾಲೇ 'ಈಗಿನ ವಾಸದ ವಿಳಾಸ, ಪುರಾವೆ ಸಹಿತ'. ಮನೆ ಇಲ್ಲ, ಮನೆ ಕೊಡಿ ಎಂದು ಬಂದವರನ್ನು ನಿಮ್ಮ ಮನೆ ಎಲ್ಲಿದೆ ಎಂದು ಕೇಳುವ ಬುದ್ಧಿವಂತಿಕೆ ಯಾರದೋ ನನಗೆ ಗೊತ್ತಿಲ್ಲ. ಅರ್ಜಿ ತೆಗೆದುಕೊಳ್ಳುವ ಕೆಲಸ ಬಿದ್ದಿದ್ದು ಮಾತ್ರ ಮೂರನೇ ಕಿಟಕಿಗೆ. ಮೇಲಿನವರು ನನಗೊಂದು ಮುದ್ರೆ ಮಾಡಿಸಿಕೊಟ್ಟರು, 'ವಿಳಾಸವಿಲ್ಲ' ಅಂತ. ಇನ್ನೂರ ಹದಿಮೂರು ಅರ್ಜಿ ಬಂದವು. ಇನ್ನೂರ ಹದಿಮೂರಕ್ಕೂ ನಾನೇ ಆ ಮುದ್ರೆ ಒತ್ತಿದೆ.

ಅದರಲ್ಲಿ ಒಂದು ಜಿಪ್ಪಕ್ಕನದು. ಗೋದಾಮಿನ ಕಾಂಪೌಂಡ್ ಗೋಡೆಯ ಬದಿಯಲ್ಲಿ ಚೀಲಗಳ ಜಿಪ್ಪು ಹಾಕುತ್ತ, ಅಲ್ಲೇ ಟಾರ್ಪಾಲು ಕಟ್ಟಿಕೊಂಡು ಮುದಿ ತಾಯಿಯ ಜೊತೆ ಮಲಗುವವಳು. ಮುದ್ರೆ ಬಿದ್ದ ಅರ್ಜಿಯನ್ನು ಕೈಗೆ ಕೊಟ್ಟಾಗ "ಇದು ಆಗುತ್ತೆ ಅಂತಾನಾ, ಆಗಲ್ಲ ಅಂತಾನಾ ಅಕ್ಕ?" ಎಂದು ಕೇಳಿದಳು. ಆಗಲ್ಲ ಎಂದೆ. "ಮುದ್ರೆ ಚೆನ್ನಾಗಿ ಬಿದ್ದಿದೆ," ಎಂದು ಹೇಳಿ ಹೋದಳು. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಮಾರನೇ ದಿನ ಸೇರಿತು, ಅದನ್ನೂ ಹೇಳಿಬಿಡುತ್ತೇನೆ.

ಮನೆಗಳು ಹಾಗೇ ಬೀಗ ಹಾಕಿಕೊಂಡು ನಿಂತವು. ಬಳಸದ ನಲ್ಲಿ ಕೆಡುತ್ತದೆ. ವಾಷರ್ ಒಣಗುತ್ತದೆ, ಪೈಪು ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಮೂವತ್ತೂ ನಲ್ಲಿ ಹತ್ತು ನಿಮಿಷ ಬಿಟ್ಟು ಬರಬೇಕೆಂದು ಎಂಜಿನಿಯರ್ ಸಾಹೇಬರು ಅತ್ತಿಗೆಗೆ ಬರವಣಿಗೆಯಲ್ಲಿ ಆದೇಶ ಕೊಟ್ಟರು. ಮೊದಲ ಗುರುವಾರ ಹೋಗಿ ಬಂದವಳ ಮುಖ ದುಮುದುಮು ಎನ್ನುತ್ತಿತ್ತು.

"ಮೂವತ್ತು ನಲ್ಲಿ ನೀರು ಮೋರಿಗೆ ಬಿಟ್ಟೆ ಕಣೆ. ಗೋಡೆ ಆಚೆ ಆ ಜನ ಒಂದು ಕೊಡ ನೀರಿಗೆ ಪೆಟ್ರೋಲ್ ಬಂಕಿನವನ ಕಾಲು ಹಿಡೀತಾರೆ. ಮೋರಿಗೆ ನೀರು ಕುಡಿಸೋಕೆ ನಾನು ಈ ಕೆಲಸಕ್ಕೆ ಬಂದವಳಲ್ಲ."

ಎರಡನೇ ಗುರುವಾರ ಗೋಡೆ ಬದಿಯವರನ್ನು ಬಕೆಟ್ ಸಮೇತ ಒಳಗೆ ಕರೆದಳು. ಸುಮಾರು ನಲವತ್ತು ಸಂಸಾರ ಅಲ್ಲಿತ್ತು. ನುಗ್ಗಾಟ ಆಗದಿರಲಿ ಎಂದು ಮೊದಲು ಬಂದ ಮೂವತ್ತು ಸಂಸಾರಕ್ಕೆ ಒಂದೊಂದು ಮನೆಯ ನಲ್ಲಿ ಗೊತ್ತು ಮಾಡಿದಳು. ಉಳಿದ ಹತ್ತು ಸಂಸಾರ ಅವರ ಜೊತೆ ಹಂಚಿಕೊಳ್ಳಬೇಕು. ಜಿಪ್ಪಕ್ಕನಿಗೆ ಏಳನೇ ಮನೆ. ಹನ್ನೆರಡನೇ ಮನೆ ಒಬ್ಬ ಮುದುಕನಿಗೆ ಹೋಯಿತು. ಹತ್ತು ತಿಂಗಳಾಗಿ ಅವನು ಊರು ಬಿಟ್ಟ ಮೇಲೆ ಅದು ಹೊಸದಾಗಿ ಬಂದ ಹಮಾಲಿಯೊಬ್ಬನಿಗೆ ಬಂತು, ಎಲ್ಲರೂ ಅವನನ್ನು ಹಮಾಲಣ್ಣ ಎನ್ನುತ್ತಿದ್ದರು. ನೀರು ಹಿಡಿಯಿರಿ, ಸ್ನಾನ ಮಾಡಿ, ಬಟ್ಟೆ ಒಗೆಯಿರಿ, ಹೋಗುವಾಗ ನೆಲ ಒರೆಸಿ ಹೋಗಿ ಎಂಬುದು ಅತ್ತಿಗೆಯ ಕಾನೂನು. ಮಧ್ಯಾಹ್ನ ಹನ್ನೆರಡಕ್ಕೆ ಬೀಗ. ಅಷ್ಟಾದ ಮೇಲೆ ಪುಸ್ತಕ ತೆಗೆದು ಮನೆ ನಂಬರು, ಹೆಸರು, ಹೆಬ್ಬೆಟ್ಟು. ಗುರುವಾರ ಬಂದರೆ ಆ ಜನ ತಮ್ಮ ತಮ್ಮ ನಂಬರಿನ ಬಾಗಿಲ ಮುಂದೆ ಕಾದು ನಿಂತಿರುತ್ತಿದ್ದರಂತೆ.

ಒಂದು ಗುರುವಾರ ಜಿಪ್ಪಕ್ಕನ ತಾಯಿಗೆ ಮೈ ಸುಡುತ್ತಿತ್ತು. ನಾಲ್ಕು ದಿನ ಏಳನೇ ಮನೆಯೊಳಗೆ ಮಲಗಿಸುತ್ತೇನೆ ಎಂದು ಅವಳು ಅತ್ತಿಗೆಯ ಕೈ ಹಿಡಿದು ಅತ್ತಳು. ಅತ್ತಿಗೆ ಆಗುವುದಿಲ್ಲ ಎಂದಳು. ಒಬ್ಬರು ಒಳಗೆ ಮಲಗಿದ್ದು ಮೇಲಿನವರಿಗೆ ಗೊತ್ತಾದರೆ ಮೂವತ್ತೂ ನಲ್ಲಿ ನಿಂತುಹೋಗುತ್ತವೆ. ಹಾಗಂತ ಬಿಟ್ಟು ಬಂದಳಾ? ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ನನ್ನ ಮಂಚದ ಮೇಲೆ ಆ ಮುದುಕಿ ನನ್ನದೇ ಹೊದಿಕೆ ಹೊದ್ದು ಮಲಗಿದ್ದಳು. ಒಂಬತ್ತು ದಿನ ನಾನು ಚಾಪೆಯ ಮೇಲೆ. ಮುದುಕಿಗೆ ಜ್ವರ ಬಿಟ್ಟ ದಿನ ನನ್ನನ್ನೇ ನೋಡಿ "ಈ ಹುಡುಗಿ ನಿದ್ದೇಲಿ ಬಹಳ ಗೊರಕೆ ಹೊಡೆಯುತ್ತೆ" ಎಂದು ದೂರು ಬೇರೆ ಹೇಳಿದಳು. ನನಗೆ ಆಗ ಐವತ್ತೈದು ದಾಟಿತ್ತು.

ಹೀಗೆ ತೊಂಬತ್ತೆಂಟು ಗುರುವಾರ ಕಳೆದವು. ಅಷ್ಟರಲ್ಲಿ ನಗರಸಭೆ ಒಂದು ಪ್ರಕಟಣೆ ಅಂಟಿಸಿತು. ಅರ್ಹ ಅರ್ಜಿದಾರರು ಒಬ್ಬರೂ ಇಲ್ಲದ ಕಾರಣ ಮೂವತ್ತೂ ಮನೆಗಳನ್ನು ಹರಾಜು ಹಾಕಲಾಗುವುದು, ಬಂದ ಹಣದಲ್ಲಿ ನಗರಸಭೆಯ ಕಟ್ಟಡಕ್ಕೆ ಹೊಸ ಮುಂಭಾಗ ಕಟ್ಟಲಾಗುವುದು, ಆಕ್ಷೇಪ ಇದ್ದವರು ದಾಖಲೆ ಸಹಿತ ಹದಿನೈದು ದಿನಗಳ ನಂತರದ ಸಭೆಗೆ ಬರುವುದು. ಮೂವತ್ತು ಸಂಸಾರದ ತಲೆಯ ಮೇಲಿನ ಸೂರು ಮಾರಿ ಕಲ್ಲಿನ ಕಂಬ! ಅತ್ತಿಗೆ ಆ ರಾತ್ರಿ ತುತ್ತು ಮುಟ್ಟಲಿಲ್ಲ. "ದಾಖಲೆ ತನ್ನಿ ಅಂತಾರಲ್ಲ, ಅವರ ಹತ್ರ ಟಾರ್ಪಾಲು ಬಿಟ್ರೆ ಇನ್ನೇನಿದೆ?" ಎಂದು ಕೇಳಿದಳು.

ಆ ಭಾನುವಾರ ಬೆಳಿಗ್ಗೆ ಜಿಪ್ಪಕ್ಕ ನಮ್ಮ ಮನೆಗೆ ಬಂದಳು, ಅತ್ತಿಗೆಯ ಕೆಲಸದ ಚೀಲಕ್ಕೆ ಜಿಪ್ಪು ಹಾಕಲು. ನೆಲದ ಮೇಲೆ ಕೂತು ಒಂದು ಕಾಗದದ ಪೊಟ್ಟಣ ಬಿಚ್ಚಿ ಜಿಪ್ಪುಗಳನ್ನು ಸುರಿದಳು. ಪೊಟ್ಟಣದ ಕಾಗದ ನನ್ನ ಕಾಲ ಬಳಿ ಬಂದು ಬಿತ್ತು. ಮೇಲೆ ನೀಲಿ ಶಾಯಿಯಲ್ಲಿ 'ವಿಳಾಸವಿಲ್ಲ', ನಾನೇ ಒತ್ತಿದ ಮುದ್ರೆ. ನಾಚಿಕೆಯಿಂದ ನನಗೆ ಅದನ್ನು ನೋಡಲಾಗಲಿಲ್ಲ. ಮುದ್ರೆ ಕಾಣದಿರಲಿ ಎಂದು ಕಾಗದವನ್ನು ಮಗುಚಿ ಹಾಕಿದೆ.

ಆ ಅರ್ಜಿಯ ಹಿಂಬದಿಯನ್ನು ನಾನು ನೋಡಿದ್ದು ಅದೇ ಮೊದಲು. ಇನ್ನೂರ ಹದಿಮೂರು ಅರ್ಜಿಗೆ ಮುದ್ರೆ ಒತ್ತಿದ ನಾನು ಒಂದನ್ನೂ ತಿರುಗಿಸಿ ನೋಡಿರಲಿಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ ಪುರಾವೆಗಳ ಪಟ್ಟಿ ಇತ್ತು. ವಿದ್ಯುತ್ ಬಿಲ್ಲು, ಬಾಡಿಗೆ ಪತ್ರ, ಇನ್ನೂ ಏನೇನೋ. ಕೊನೆಯ ಸಾಲು ಹೀಗಿತ್ತು: 'ನಗರಸಭೆಯ ನೀರಿನ ಪುಸ್ತಕದಲ್ಲಿ ಸತತ ಒಂದು ವರ್ಷ ಹೆಸರು ದಾಖಲಾದವರನ್ನು ಊರಿನ ನಿವಾಸಿ ಎಂದು ಪರಿಗಣಿಸತಕ್ಕದ್ದು.' ಯಾವುದೋ ಹಳೇ ನಮೂನೆಯಿಂದ ಯಾರೋ ಕಣ್ಣು ಮುಚ್ಚಿ ನಕಲು ಮಾಡಿದ್ದರು. ನಾನು ಜೋರಾಗಿ ಓದಿದೆ. ಅತ್ತಿಗೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಇನ್ನೊಂದ್ಸಲ ಓದು."

ಓದಿದೆ.

"ನೀನು ಇದನ್ನೆಲ್ಲ ಮೊದಲೇ ಯೋಚನೆ ಮಾಡಿ ಹೆಸರು ಬರೆಸ್ಕೊಂಡ್ಯಾ?" ಎಂದು ಕೇಳಿದೆ.

"ಯೋಚನೆ ಎಲ್ಲಿ ಬಂತು? ನೀರು ಹಿಡಿದವರ ಹೆಸರು ಬರೀಬೇಕು ಅಂತ ಕಾಲಂ ಇದೆ. ಬರೆದೆ. ನೀನು ಹಿಂದೆ ಏನಿದೆ ಅಂತ ಓದ್ಬೇಕಾಗಿತ್ತು. ಓದಲಿಲ್ಲ," ಎಂದಳು. ಆ ಮಾತು ನನಗೆ ನಾಟಿತು, ನಾಟಬೇಕಾದ್ದೇ. ಸೋಮವಾರ ನಾನು ಕಿಟಕಿ ತೆರೆದು, ಗೋಡೆ ಬದಿಯ ಮೂವತ್ತು ಸಂಸಾರದ ಅರ್ಜಿಯನ್ನೂ ಹೊಸದಾಗಿ ತೆಗೆದುಕೊಂಡು, ತಾರೀಖು ಹಾಕಿ ಸ್ವೀಕೃತಿ ಕೊಟ್ಟೆ. ಆ ಮುದ್ರೆಯನ್ನು ಡ್ರಾಯರಿನ ತಳಕ್ಕೆ ಎಸೆದೆ.

ಸಭೆಯ ದಿನ ಅತ್ತಿಗೆ ಕೆಲಸದ ಬಟ್ಟೆಯಲ್ಲೇ ಬಂದಳು. ತಳ್ಳುಗಾಡಿಯಲ್ಲಿ ಇಪ್ಪತ್ಮೂರು ಪುಸ್ತಕ, ಅವುಗಳ ಮೇಲೆ ಆ ಕಬ್ಬಿಣದ ಕೀಲಿ. ಹಿಂದೆ ಗೋಡೆ ಬದಿಯ ಜನ. ಬಾಗಿಲ ಬಳಿ ಜವಾನ ಗಾಡಿ ಒಳಗೆ ಬಿಡುವುದಿಲ್ಲ ಎಂದ. "ಇದು ಗಾಡಿ ಅಲ್ಲಪ್ಪ, ದಾಖಲೆ. ತನ್ನಿ ಅಂದಿದ್ದು ನೀವೇ ತಾನೇ?" ಎಂದು ತಳ್ಳಿಕೊಂಡೇ ಒಳಗೆ ಹೋದಳು.

ಅಧ್ಯಕ್ಷರು ಒಂದು ಪುಸ್ತಕ ತಿರುವಿ ನೋಡಿ ಕೆಂಪಗಾದರು. "ಇದು ಅಕ್ರಮ. ಸರ್ಕಾರಿ ನೀರು ಕಂಡಕಂಡವರಿಗೆ ಹಂಚೋಕೆ ನಿಮಗೆ ಹೇಳಿದ್ದು ಯಾರು?"

"ವಾರಕ್ಕೊಮ್ಮೆ ಮೂವತ್ತು ನಲ್ಲಿ ಬಿಡಿ ಅಂತ ಆದೇಶ ಇದೆ ಸಾರ್, ಬರೆದು ಕೊಟ್ಟಿದ್ದಾರೆ. ಮೋರಿಗೆ ಬಿಡಿ ಅಂತ ಅದ್ರಲ್ಲಿಲ್ಲ. ಬಿಟ್ಟ ನೀರು ಹಿಡಿದವರ ಹೆಸರು ಬರೀಬೇಕು ಅಂತ ನಿಯಮ ಇದೆ, ಬರೆದಿದ್ದೀನಿ. ಪ್ರತಿ ತಿಂಗಳು ಪರಿಶೀಲಿಸಿದೆ ಅಂತ ಸಾಹೇಬ್ರ ಸಹಿ ಇದೆ. ಅಕ್ರಮ ಆಗಿದ್ರೆ ಇಪ್ಪತ್ಮೂರು ತಿಂಗಳು ಅವರು ಏನು ಪರಿಶೀಲಿಸಿದ್ರು, ಕೇಳಿ."

ಎಂಜಿನಿಯರ್ ಸಾಹೇಬರು ಕರವಸ್ತ್ರ ಹುಡುಕತೊಡಗಿದರು.

"ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ, ಗೊತ್ತಾ?"

"ತಗೊಳ್ಳಿ. ಮೊದಲು ಪುಸ್ತಕ ಓದಿ, ಆಮೇಲೆ ತಗೊಳ್ಳಿ. ನನಗೇನೂ ಅವಸರ ಇಲ್ಲ."

ನಾನೂ ಎದ್ದು ನಿಂತೆ. "ಸಾರ್, ವಿಳಾಸವಿಲ್ಲ ಅಂತ ಮುದ್ರೆ ಒತ್ತಿದ್ದು ನಾನು. ಹಿಂದಿನ ಪುಟ ಓದದೆ ಒತ್ತಿದೆ. ತಪ್ಪಾಯ್ತು. ಈಗ ಓದಿದ್ದೀನಿ, ಎಲ್ಲರಿಗೂ ಓದಿ ಹೇಳ್ತೀನಿ," ಎಂದು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಗುಮಾಸ್ತೆಯ ಬಾಯಿಂದ ಸಭೆಯಲ್ಲಿ ಮಾತು ಬಂದಿದ್ದನ್ನು ನೋಡಿ ಪಂಖವೂ ನಿಂತಂತೆ ಆಯಿತು.

ಆಗ ಹಿಂದಿನ ಬೆಂಚಿನಿಂದ ಕಬ್ಬಿಣದಂಗಡಿ ಯಜಮಾನರು ಎದ್ದರು. ಮುಗಿಯಿತು, ಇವರು ಈಗ ಎಲ್ಲವನ್ನೂ ಹಾಳು ಮಾಡುತ್ತಾರೆ ಎಂದುಕೊಂಡೆ.

"ಒಂಬತ್ತು ವರ್ಷದಿಂದ ಈ ಕರ ಕಟ್ತಾ ಇದ್ದೀನಿ," ಎಂದರು. "ಬೈಕೊಂಡೇ ಕಟ್ಟಿದ್ದೀನಿ, ಆಯಮ್ಮನ್ನ ಕೇಳಿ. ಆದ್ರೆ ನಾನು ಕಟ್ಟಿದ್ದು ಮನೆಗೆ. ನಿಮ್ಮ ಕಂಬಕ್ಕಲ್ಲ. ಮನೆ ಅಂತ ಈಸ್ಕೊಂಡು ಕಂಬ ಕಟ್ಟಿದ್ರೆ ಅದಕ್ಕೆ ಬೇರೆ ಹೆಸರಿದೆ, ಇಲ್ಲಿ ಹೇಳಲ್ಲ. ಮಾರೋದಾದ್ರೆ ಮಾರಿ. ಆದ್ರೆ ಊರವರ ದುಡ್ಡು ಊರವರಿಗೆ ವಾಪಸ್ ಕೊಟ್ಟು ಮಾರಿ. ಎಲ್ಲರ ರಸೀದಿಯೂ ಇದೆ, ಆಯಮ್ಮ ಅಷ್ಟು ನೀಟಾಗಿ ಹರಿದುಕೊಟ್ಟಿದ್ದಾರೆ."

ಸಭೆಯಲ್ಲಿ ಮೊದಲು ಒಬ್ಬರು, ಆಮೇಲೆ ಹತ್ತು ಜನ, ಆಮೇಲೆ ಎಲ್ಲರೂ ಮಾತಾಡತೊಡಗಿದರು. ಹರಾಜು ನಿಂತಿತು. ಎರಡು ದಿನ ಕೂತು ಪುಸ್ತಕ ಪರಿಶೀಲಿಸಿ ಇಪ್ಪತ್ತೊಂಬತ್ತು ಸಂಸಾರಕ್ಕೆ ಮನೆ ಕೊಟ್ಟರು.

ಹನ್ನೆರಡನೇ ಮನೆ ಉಳಿಯಿತು. ಹಮಾಲಣ್ಣ ಸಭೆಗೆ ಮೂರು ತಿಂಗಳ ಮುಂಚೆ ಮೂಟೆ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಮೂರು ಗುರುವಾರ ಅವನ ಸಾಲು ಖಾಲಿ. ಸತತ ಒಂದು ವರ್ಷ ಆಗಲಿಲ್ಲ. "ಮೂರು ಹೆಬ್ಬೆಟ್ಟು ತಾನೇ ವಾಲ್ವಮ್ಮ, ಆಗಲೇ ಒತ್ತಿಸಿಬಿಡಬಾರದಿತ್ತಾ?" ಎಂದು ಜೊತೆಯವರೇ ಕೇಳಿದರು. "ಆ ಮೂರು ಸುಳ್ಳಾಗಿದ್ರೆ ಉಳಿದ ಇಪ್ಪತ್ತೊಂಬತ್ತು ಮನೇನೂ ಸುಳ್ಳು ಅಂತಿದ್ರು," ಎಂದು ಉತ್ತರ ಕೊಟ್ಟಳು. ಕೊಟ್ಟಿದ್ದೇನೋ ಕೊಟ್ಟಳು, ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟುಕೊಂಡು ಅತ್ತಳು. ಬಾಗಿಲ ಹೊರಗೆ ನಿಂತು ನಾನೂ ಅತ್ತೆ. ಸಂಸಾರ ಕಟ್ಟಿಕೊಂಡು ಅದೇ ಗೋಡೆ ಬದಿಗೆ ಕುಂಟುತ್ತ ವಾಪಸು ಹೋದ ಅವನ ಬೆನ್ನು ನಮ್ಮಿಬ್ಬರ ಕಣ್ಣಿಂದಲೂ ಹೋಗಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ನೋಡಿದರೆ ಅವಳು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟಿದ್ದಳು. ಹನ್ನೆರಡನೇ ಮನೆ ಖಾಲಿ ಇದೆ, ಖಾಲಿ ಮನೆಯ ನಲ್ಲಿ ವಾರಕ್ಕೊಮ್ಮೆ ಬಿಡಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಹಮಾಲಣ್ಣನ ಹೆಬ್ಬೆಟ್ಟು ಆಗಲೇ ಸತತ ಒಂಬತ್ತು ಗುರುವಾರ ಬಿದ್ದಿತ್ತು. ಅವಳ ನಿವೃತ್ತಿಗೆ ಸುಮಾರು ಹತ್ತು ತಿಂಗಳು ಉಳಿದಿತ್ತು. ಇನ್ನು ನಲವತ್ಮೂರು ಗುರುವಾರ ಬೇಕು. ನಾವಿಬ್ಬರೂ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ಎಣಿಸಿದೆವು. ಒಂದೂ ತಪ್ಪದಿದ್ದರೆ ಅವಳ ಕೆಲಸದ ಕೊನೆಯ ಗುರುವಾರಕ್ಕೆ ಸರಿಹೋಗುತ್ತಿತ್ತು.

ತಪ್ಪಿಸಲು ನೋಡದವರಿಲ್ಲ. ಅವಳ ಸಂಬಳದ ಬಡ್ತಿ ನಿಲ್ಲಿಸಿದರು. "ನಿಲ್ಲಿಸ್ಲಿ ಬಿಡು, ನಮ್ಮಿಬ್ಬರ ಹೊಟ್ಟೆ ಎಷ್ಟಿದೆ?" ಎಂದಳು. ಎಂಜಿನಿಯರ್ ಸಾಹೇಬರು ಒಂದೇ ಮನೆ ತಾನೇ, ಆ ನಲ್ಲಿ ಬಿಡುವುದು ಬೇಡ ಎಂದರು. "ಬೇಡ ಅಂತ ಬರೆದು ಕೊಡಿ ಸಾರ್. ನಾಳೆ ಪೈಪು ತುಕ್ಕು ಹಿಡಿದ್ರೆ ತೋರಿಸೋಕೆ ಬೇಕಾಗುತ್ತೆ." ಅವರು ಬರೆದು ಕೊಡಲಿಲ್ಲ. ಸಹಿ ಎಂದರೆ ಆಗಲೇ ಅವರಿಗೆ ಕೈ ಸುಟ್ಟಿತ್ತು. ಮೂವತ್ತೊಂದನೇ ಗುರುವಾರ ಅತ್ತಿಗೆಗೆ ಮಂಡಿ ಊದಿ ಮಂಚದಿಂದ ಇಳಿಯಲಾಗಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಹನ್ನೆರಡನೇ ಮನೆಯ ಮೆಟ್ಟಿಲು ಹತ್ತಿದಳು. ದಾರಿಯುದ್ದಕ್ಕೂ ನಾನು ಬೈದೆ, ಅವಳು ನಗುತ್ತ ಬಂದಳು.

ಕೊನೆಯ ಗುರುವಾರ ಹಮಾಲಣ್ಣ ಐವತ್ತೆರಡನೇ ಸಲ ಹೆಬ್ಬೆಟ್ಟು ಒತ್ತಿದ. ಇಬ್ಬರೂ ಅಲ್ಲಿಂದ ನೆಟ್ಟಗೆ ಮೂರನೇ ಕಿಟಕಿಗೆ ಬಂದರು. ಈ ಮಧ್ಯೆ ನಗರಸಭೆ ಹೊಸ ಅರ್ಜಿ ಅಚ್ಚು ಹಾಕಿಸಿತ್ತು. ಅದರ ಹಿಂಬದಿ ಪೂರ್ತಿ ಖಾಲಿ, ನೀರಿನ ಪುಸ್ತಕದ ಸಾಲು ಕಿತ್ತು ಹಾಕಿದ್ದರು. ಆದರೆ ಹಮಾಲಣ್ಣನ ಅರ್ಜಿ ಹಳೆಯದು, ಸಭೆಗೂ ಮೊದಲು ನಾನೇ ತಾರೀಖು ಹಾಕಿ ತೆಗೆದುಕೊಂಡಿದ್ದು. ವಜಾ ಮಾಡಿ ಎಂದು ಮೇಲಿನಿಂದ ಮೂರು ಸಲ ಹೇಳಿ ಕಳಿಸಿದ್ದರು. ಪರಿಶೀಲನೆಯಲ್ಲಿದೆ ಎಂದು ಹತ್ತು ತಿಂಗಳು ನಾನು ಅದನ್ನು ಡ್ರಾಯರಿನಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ. ಅಷ್ಟು ವರ್ಷ ಹಲ್ಲು ಕಿರಿದವಳು ಅಷ್ಟಾದರೂ ಮಾಡಬೇಡವೇ? ಮೊದಲ ಸಾಲಿನಲ್ಲಿ ಖಾಲಿ ಇದ್ದ ವಿಳಾಸದ ಜಾಗಕ್ಕೆ ನನ್ನ ಕೈಯಾರೆ 'ನೀರಿನ ಪುಸ್ತಕದಂತೆ ನಿವಾಸಿ' ಎಂದು ಬರೆದು, ಪುಸ್ತಕದ ಪ್ರತಿ ಲಗತ್ತಿಸಿ ಮೇಲಕ್ಕೆ ಕಳಿಸಿದೆ. ಕಬ್ಬಿಣದಂಗಡಿ ಯಜಮಾನರು ದಿನಾ ಬೆಳಿಗ್ಗೆ ಬಂದು "ಆಯ್ತಾ?" ಎಂದು ಅಧ್ಯಕ್ಷರ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೂರನೇ ವಾರ ಹಮಾಲಣ್ಣನ ಕೈಗೆ ಮನೆಯ ಕೀಲಿ ಬಂತು.

ಮೊನ್ನೆ ಗುರುವಾರ. ಅತ್ತಿಗೆ ನಿವೃತ್ತಳಾಗಿದ್ದಳು, ಆದರೆ ಅಭ್ಯಾಸ ಎಲ್ಲಿ ಬಿಡುತ್ತದೆ? ಕೆಲಸಕ್ಕೆ ಹೋಗುವ ದಾರಿಯಲ್ಲಿ ನಾನೂ ಜೊತೆಗೆ ಹೋದೆ. ಹನ್ನೆರಡನೇ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಅಷ್ಟು ದಿನ ತಾನೇ ಬೀಗ ತೆಗೆಯುತ್ತಿದ್ದ ಬಾಗಿಲನ್ನು ಅವಳು ಮೊದಲ ಸಲ ತಟ್ಟಿದಳು. ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಯಾರದು? ತಡೀರಿ, ಮುಖ ತೊಳೀತಿದ್ದೀನಿ," ಎಂದು ಹಮಾಲಣ್ಣ ಒಳಗಿನಿಂದ ಕೂಗಿದ.

ಅತ್ತಿಗೆ ತಟ್ಟಿದ ಕೈಯನ್ನು ಹಾಗೇ ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ನಿಧಾನಕ್ಕೆ ತೊಳ್ಕೊಳ್ಳಪ್ಪ. ನಾವು ಕಾಯ್ತೀವಿ," ಎಂದಳು.

ಬರುವಾಗ ಕಾಂಪೌಂಡ್ ಗೋಡೆಯ ಬದಿಯಲ್ಲಿ ಇನ್ನೂ ಹತ್ತು ಟಾರ್ಪಾಲು ಇದ್ದವು. ಅವಳು ಒಂದೊಂದನ್ನೂ ನೋಡಿ ಎಣಿಸಿದಳು. ಕರ ಈಗಲೂ ಬರುತ್ತಿದೆ, ನಾನೇ ಹರಿದುಕೊಡುತ್ತಿದ್ದೇನೆ, ಮುಂದಿನ ಮನೆಗಳ ಮಾತನ್ನು ಮಾತ್ರ ಯಾರೂ ಎತ್ತುತ್ತಿಲ್ಲ.

"ಆ ಹೊಸ ಅರ್ಜಿ ಹತ್ತು ತಗೊಂಡು ಬಾ ಸಂಜೆ," ಎಂದಳು.

"ತಂದು ಏನು ಮಾಡ್ತೀಯ? ಅದರ ಹಿಂದೆ ಏನೂ ಇಲ್ಲ ಅತ್ತಿಗೆ, ಖಾಲಿ ಬಿಟ್ಟಿದ್ದಾರೆ."

"ಖಾಲಿ ಇದ್ರೆ ಒಳ್ಳೇದೇ ಆಯ್ತು," ಎಂದಳು. "ಈ ಸಲ ಅಲ್ಲಿ ಏನಿರಬೇಕು ಅಂತ ನಾವೇ ಬರೆಯೋಣ."